ಹೆಣ್ಣುಮಕ್ಕಳ ಡಿಗ್ರಿ ಮತ್ತು ಕಾಲೇಜಿನ ನಿಯಮಗಳು

(ಮಹಿಳಾ ವಿಭಾಗದ ಶೈಕ್ಷಣಿಕ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮುಂಬಯಿಯ ಪದವಿ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದನ್ನು ನೇರವಾಗಿ ಹೇಳುತ್ತೇನೆ. ಹುಡುಗನಿಗೆ ಒಂದು ವರ್ಷ ಹೋದರೆ ಮನೆಯವರು ಬೈದು ಮತ್ತೆ ಕಾಲೇಜಿಗೆ ಕಳುಹಿಸುತ್ತಾರೆ. ಹುಡುಗಿಗೆ ಒಂದು ವರ್ಷ ಹೋದರೆ, “ಓದಿದ್ದು ಸಾಕು, ಒಳ್ಳೆಯ ಸಂಬಂಧ ಬಂದಿದೆ” ಎಂಬ ಮಾತು ಇಂದಿಗೂ ಕೆಲವು ಮನೆಗಳಲ್ಲಿ ಶುರುವಾಗುತ್ತದೆ. ಹಾಗಾಗಿ ನಿಯಮ ಗೊತ್ತಿಲ್ಲದೆ ವರ್ಷ ಕಳೆದುಕೊಂಡರೆ ಹುಡುಗಿಗೆ ಆಗುವ ನಷ್ಟ ದೊಡ್ಡದು. ಕಾಲೇಜಿನ ನಿಯಮಗಳನ್ನು ಮಕ್ಕಳ ಜೊತೆ ತಾಯಂದಿರೂ ಓದಬೇಕು ಎಂದು ನಾನು ಹೇಳುವುದು ಇದಕ್ಕೇ.

ಹಿಂದೆ ನಿಯಮಗಳೇ ನಮಗೆ ಅಡ್ಡವಾಗಿದ್ದವು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದ ಕಾರ್ನೀಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪರೀಕ್ಷೆ ಮುಗಿಸಿದರು. ಹೆಂಗಸರಿಗೆ ಪದವಿ ಕೊಡುವ ನಿಯಮ ಅಲ್ಲಿ ಬಂದದ್ದು 1920ರಲ್ಲಿ. ಅವರ ಕೈಗೆ ಪದವಿ ಸಿಕ್ಕಿದ್ದು 1922ರಲ್ಲಿ, ಮೂವತ್ತು ವರ್ಷ ಕಾದ ಮೇಲೆ. ಇಂದು ಹಲವು ನಿಯಮಗಳು ನಮ್ಮ ಪರವಾಗಿವೆ. ಆದರೆ ಕೇಳಿದವರಿಗಷ್ಟೇ ಅವು ಒದಗುತ್ತವೆ.

ಮೊದಲು ಹಾಜರಾತಿ. ಸಾಮಾನ್ಯವಾಗಿ ಶೇಕಡಾ 75 ಬೇಕು. ಲೆಕ್ಕ ನೋಡಿ: ಒಂದು ಕ್ರೆಡಿಟ್ ಎಂದರೆ 15 ಗಂಟೆಯ ಪಾಠ. ಮೂರು ಕ್ರೆಡಿಟ್‌ನ ವಿಷಯಕ್ಕೆ 45 ಗಂಟೆ. ಅದರಲ್ಲಿ ತಪ್ಪಿಸಬಹುದಾದದ್ದು 11 ಗಂಟೆ ಮಾತ್ರ. ಮದುವೆ, ಗೃಹಪ್ರವೇಶ, ಜಾತ್ರೆ ಎಂದು ಮಗಳನ್ನು ಎರಡು ವಾರ ಊರಿಗೆ ಕರೆದುಕೊಂಡು ಹೋದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ಆಮೇಲೆ ಜ್ವರ ಬಂದರೆ ಹೆಸರು ಡಿಫಾಲ್ಟರ್ ಲಿಸ್ಟಿನಲ್ಲಿ. ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರವನ್ನು ಕಾಲೇಜಿಗೆ ಹಿಂತಿರುಗಿದ ವಾರವೇ ಕೊಟ್ಟು, ಪ್ರತಿಯ ಮೇಲೆ ಸಹಿ-ಮೊಹರು ಹಾಕಿಸಿಕೊಳ್ಳಿ. ಲಿಸ್ಟ್ ಹಾಕಿದ ಮೇಲೆ ತಂದ ಕಾಗದವನ್ನು ಎಲ್ಲರೂ ಸಂಶಯದಿಂದ ನೋಡುತ್ತಾರೆ.

ಎರಡನೆಯದು ಎಟಿಕೆಟಿ. ‘ಅಲೌಡ್ ಟು ಕೀಪ್ ಟರ್ಮ್ಸ್’ ಎಂಬುದರ ಚುಟುಕು ರೂಪ ಅದು. ಕೆಲವು ವಿಷಯ ಉಳಿದರೂ ಮುಂದಿನ ತರಗತಿಗೆ ಹೋಗಲು ಕೊಡುವ ಅನುಮತಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಮನೆಯಲ್ಲಿ ಹೇಳಲು ಹೆದರಿ ಫಾರ್ಮ್ ತುಂಬುವ ಕೊನೆಯ ದಿನವನ್ನೇ ಕಳೆದುಕೊಳ್ಳುವ ಹುಡುಗಿಯರಿದ್ದಾರೆ. ಮಕ್ಕಳು ಧೈರ್ಯವಾಗಿ ಬಂದು ಹೇಳುವ ವಾತಾವರಣ ಮನೆಯಲ್ಲಿರಲಿ. ಎಷ್ಟು ವಿಷಯ ಉಳಿಸಿಕೊಳ್ಳಬಹುದು ಎಂಬುದು ಕೋರ್ಸಿನಿಂದ ಕೋರ್ಸಿಗೆ ಬೇರೆ. ಪಕ್ಕದ ಮನೆಯವರ ಮಾತು ನಂಬಬೇಡಿ, ನಿಮ್ಮದೇ ಕಾಲೇಜಿನ ಸುತ್ತೋಲೆ ಓದಿ.

ಅಂಕ ಕಡಿಮೆ ಬಂತು ಎನಿಸಿದರೆ ಉತ್ತರಪತ್ರಿಕೆ ನೋಡುವ ಹಕ್ಕಿದೆ. ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಯನ್ನು ನೋಡಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿದೆ. ಮರುಮೌಲ್ಯಮಾಪನಕ್ಕೆ ಅವಧಿ ಬಹಳ ಕಡಿಮೆ ಇರುತ್ತದೆ. ಫಲಿತಾಂಶ ಬಂದ ದಿನವೇ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಈಗ ಹೊಸ ಶಿಕ್ಷಣ ನೀತಿಗೆ ಬರೋಣ. ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಒಂದು ವರ್ಷಕ್ಕೆ 40 ಕ್ರೆಡಿಟ್ ಮುಗಿಸಿ ಬಿಟ್ಟರೆ ಸರ್ಟಿಫಿಕೇಟ್, 80 ಮುಗಿಸಿದರೆ ಡಿಪ್ಲೊಮಾ, ಮೂರು ವರ್ಷಕ್ಕೆ 120 ಆದರೆ ಪದವಿ, ನಾಲ್ಕನೆಯ ವರ್ಷಕ್ಕೆ 160 ಆದರೆ ಆನರ್ಸ್. ನಡುವೆ ಬಿಡುವವರು ವೃತ್ತಿ ತರಬೇತಿಯ 4 ಕ್ರೆಡಿಟ್ ಹೆಚ್ಚಿಗೆ ಪಡೆಯಬೇಕು. ಬಿಟ್ಟವರು ಮೂರು ವರ್ಷದೊಳಗೆ ಮರಳಿ ಸೇರಿ, ಒಟ್ಟು ಏಳು ವರ್ಷದೊಳಗೆ ಪದವಿ ಮುಗಿಸಬಹುದು. ಗಳಿಸಿದ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮೆಯಾಗಿರುತ್ತವೆ.

ಇಲ್ಲಿ ನನಗೊಂದು ಆತಂಕವಿದೆ. “ಒಂದು ವರ್ಷಕ್ಕೇ ಸರ್ಟಿಫಿಕೇಟ್ ಸಿಕ್ಕಿತಲ್ಲ, ಇನ್ನೇನು ಬೇಕು?” ಎಂದು ಹುಡುಗಿಯ ಓದು ನಿಲ್ಲಿಸಲು ಇದೇ ನೆಪವಾಗಬಾರದು. ಅನಿವಾರ್ಯವಾಗಿ ಓದು ಬಿಟ್ಟವಳು ಮರಳಿ ಬರಲಿ ಎಂದೇ ಆ ಮೂರು ವರ್ಷದ ಅವಕಾಶ ಇಟ್ಟಿದ್ದಾರೆ. ಮಗಳ ಮದುವೆ ಮಾತುಕತೆಯಲ್ಲಿ ಚಿನ್ನ, ಛತ್ರದ ವಿಷಯ ಎಷ್ಟು ಖಡಾಖಂಡಿತವಾಗಿ ಮಾತಾಡುತ್ತೇವೋ, ಡಿಗ್ರಿ ಮುಗಿಸುವ ವಿಷಯವನ್ನೂ ಅಷ್ಟೇ ಸ್ಪಷ್ಟವಾಗಿ ಮಾತಾಡೋಣ.

ಮದುವೆಯಾಗಿ ಓದುತ್ತಿರುವವರಿಗೆ ಇನ್ನೊಂದು ಮಾತು. 2021ರ ಡಿಸೆಂಬರಿನಲ್ಲಿ ಯುಜಿಸಿ ಎಲ್ಲ ವಿದ್ಯಾಸಂಸ್ಥೆಗಳಿಗೂ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿಯಲ್ಲಿ ರಿಯಾಯಿತಿ, ಪರೀಕ್ಷಾ ಫಾರ್ಮ್ ತುಂಬಲು ಹೆಚ್ಚಿನ ಸಮಯ ಕೊಡುವ ನಿಯಮ ರೂಪಿಸಿಕೊಳ್ಳಿ ಎಂದು ಕೇಳಿಕೊಂಡಿದೆ. ಬಸುರಿಯಾದೆ, ಕಾಲೇಜು ಬಿಡುತ್ತೇನೆ ಎನ್ನುವ ಮೊದಲು ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಿ. ಅರ್ಜಿಯಲ್ಲಿ ಆ ಪತ್ರವನ್ನು ಉಲ್ಲೇಖಿಸಿ.

ಪ್ರವೇಶ ರದ್ದು ಮಾಡಿ ಬೇರೆ ಕಡೆ ಸೇರುವವರು 2018ರ ಯುಜಿಸಿ ಅಧಿಸೂಚನೆ ನೆನಪಿಡಿ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಹೇಳಿದರೆ ಶುಲ್ಕ ಬಹುಪಾಲು ವಾಪಸ್, ಕೊನೆಯ ದಿನ ಕಳೆದು 30 ದಿನದ ಮೇಲೆ ಹೇಳಿದರೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ.

ಅನ್ಯಾಯವಾಯಿತು ಎನಿಸಿದರೆ ಜಗಳ ಬೇಡ, ಕಾಗದ ಬರೆಯಿರಿ. 2023ರ ನಿಯಮಗಳಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಹಿಳಾ ಸದಸ್ಯೆ ಇರಬೇಕು, 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದಕ್ಕೂ ಮೇಲೆ ಓಂಬುಡ್ಸ್‌ಪರ್ಸನ್ ಇದ್ದಾರೆ.

ಈ ಸಭೆಯಲ್ಲಿ ಎಸ್‌ವೈಗೋ ಟಿವೈಗೋ ಓದು ನಿಲ್ಲಿಸಿ ಸಂಸಾರಕ್ಕೆ ಬಂದವರೂ ಇದ್ದೀರಿ. ಇಗ್ನೋದಲ್ಲಿ ಬಿಎ ಸೇರಲು ವಯಸ್ಸಿನ ಮಿತಿ ಇಲ್ಲ. ಹನ್ನೆರಡನೆಯ ತರಗತಿಯ ಅಂಕಪಟ್ಟಿ ಪೆಟ್ಟಿಗೆಯಲ್ಲಿದ್ದರೆ ಇವತ್ತೇ ತೆಗೆದಿಡಿ.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ಪ್ರತಿ ವರ್ಷ ಜೂನ್ ತಿಂಗಳ ಒಂದು ಭಾನುವಾರ ಇದೇ ಸಭಾಗೃಹದಲ್ಲಿ ಕುಳಿತು, ಮಕ್ಕಳು ತಂದ ನಿಯಮಾವಳಿಯನ್ನು ಒಟ್ಟಿಗೆ ಓದೋಣ. ಇಂಗ್ಲಿಷ್ ಬಾರದ ತಾಯಂದಿರಿಗೆ ಕನ್ನಡದಲ್ಲಿ ಹೇಳೋಣ. ಆ ಕೆಲಸಕ್ಕೆ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.