ನರದ ಕವಚ ಕಳಚಿದಾಗ

ಬಾಗೂರಿನವರಿಗೆ ಕಾಲುವೆಯ ವಿಚಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೊರೂರಿನ ಅಣೆಕಟ್ಟೆಯಿಂದ ಹೊರಟ ಹೇಮಾವತಿಯ ನೀರು ಬಾಗೂರು–ನವಿಲೆ ಸುರಂಗ ಹೊಕ್ಕು ತುಮಕೂರು ಜಿಲ್ಲೆಯತ್ತ ಹರಿಯುತ್ತದೆ. ತೂಬಿನಲ್ಲಿ ಎಷ್ಟೇ ನೀರು ಬಿಟ್ಟರೂ ನಡುವೆ ಲೈನಿಂಗ್ ಕಿತ್ತುಹೋಗಿದ್ದರೆ ಕೊನೆ ಭಾಗದ ರೈತನಿಗೆ ಅದು ಮುಟ್ಟುವುದಿಲ್ಲ. ಮನುಷ್ಯನ ನರಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ.

ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಕವಚವಿರುತ್ತದೆ. ಸಂದೇಶ ವೇಗವಾಗಿ ಸಾಗುವುದು ಅದರಿಂದಲೇ. ರೋಗಗಳ ವಿರುದ್ಧ ಕಾವಲಿರಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಈ ಕವಚದ ಮೇಲೆಯೇ ಎರಗಿದರೆ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಒಂದು ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾದಂತೆ ಕಂಡು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮರಳಿ ಬರುತ್ತದೆ. ಇಪ್ಪತ್ತರಿಂದ ನಲವತ್ತರ ನಡುವಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಪ್ಯಾರಿಸ್ಸಿನ ವೈದ್ಯ ಶಾರ್ಕೋ 1868ರಲ್ಲಿಯೇ ಇದನ್ನು ಸ್ಪಷ್ಟವಾಗಿ ವಿವರಿಸಿದ್ದ.

ಆದರೂ ಬಹಳ ಕಾಲ ಇದು ಚಳಿದೇಶಗಳ ಬಿಳಿಯರ ಕಾಯಿಲೆ ಎಂದೇ ನಂಬಲಾಗಿತ್ತು. ಉತ್ತರ ಯುರೋಪಿನಲ್ಲಿ ಇದು ಹೆಚ್ಚೆಂಬುದು ನಿಜ. ಭಾರತದಲ್ಲಿ ಲಕ್ಷಕ್ಕೆ ಸುಮಾರು ಒಬ್ಬರೆಂಬ ಹಳೆಯ ಅಂದಾಜು ಮಾತ್ರ ಆಸ್ಪತ್ರೆಗಳ ದಾಖಲೆಯನ್ನು ನೆಚ್ಚಿಕೊಂಡದ್ದು. ನರತಜ್ಞರು ವಿರಳವಾಗಿದ್ದ, ಎಂ.ಆರ್.ಐ. ಯಂತ್ರ ದೊಡ್ಡ ನಗರಗಳಿಗಷ್ಟೇ ಸೀಮಿತವಾಗಿದ್ದ ಕಾಲದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತದವರನ್ನು ಎಣಿಸುವವರು ಯಾರಿದ್ದರು?

ಈ ಪ್ರಶ್ನೆಗೆ ಕರ್ನಾಟಕದಿಂದಲೇ ಉತ್ತರ ಹುಡುಕಿದವರು ಮಂಗಳೂರಿನ ನರತಜ್ಞೆ ಡಾ. ಲೇಖಾ ಪಂಡಿತ್. ದೇರಳಕಟ್ಟೆಯಲ್ಲಿರುವ ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಅವರು ನರರೋಗ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದರು. ಕವಚ ಕಳಚುವ ಕಾಯಿಲೆಗಳ ರೋಗಿಗಳಿಗಾಗಿಯೇ ದಾಖಲೆ ತೆರೆದು, ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಡಾ. ರಶ್ಮಿ ಕುಂದಾಪುರ ಅವರೊಂದಿಗೆ ಮಂಗಳೂರು ನಗರದಲ್ಲಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮಲ್ಟಿಪಲ್ ಸ್ಕ್ಲಿರೋಸಿಸ್ ಇದ್ದವರು ಲಕ್ಷಕ್ಕೆ ಸುಮಾರು ಎಂಟು ಮಂದಿ. ರೋಗ ಏಕಾಏಕಿ ಎಂಟು ಪಟ್ಟು ಹೆಚ್ಚಿತೆಂದು ಇದರ ಅರ್ಥವಲ್ಲ. ಹುಡುಕಿದಾಗ ಸಿಕ್ಕಿತು, ಅಷ್ಟೆ.

ಎಣಿಕೆಗಿಂತ ಮಹತ್ವದ ಇನ್ನೊಂದು ಸಂಗತಿಯಿದೆ. ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಕಾಯಿಲೆ ಮೇಲ್ನೋಟಕ್ಕೆ ಮಲ್ಟಿಪಲ್ ಸ್ಕ್ಲಿರೋಸಿಸ್‌ನಂತೆಯೇ ಕಾಣುತ್ತದೆ. ಅದು ದೃಷ್ಟಿನರ ಮತ್ತು ಬೆನ್ನುಹುರಿಯ ಮೇಲೆ ಎರಗುತ್ತದೆ. ಅದರ ಹೊಡೆತ ಹೆಚ್ಚು ಉಗ್ರ. ಕೆಲವೇ ಸಲದ ದಾಳಿಗೆ ಕಣ್ಣೇ ಹೋಗಬಹುದು. ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ಈ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದನ್ನು 2004ರಲ್ಲಿ ಗುರುತಿಸಿದರು. ಅದು ಹಿಡಿದು ಹೊಡೆಯುವುದು ಅಕ್ವಾಪೋರಿನ್-4 ಎಂಬ ಪ್ರೋಟೀನನ್ನು. ಜೀವಕೋಶದ ಗೋಡೆಯಲ್ಲಿ ನೀರಾಡಲು ಇರುವ ತೂಬೆಂದೇ ಅದನ್ನು ಕರೆಯಬಹುದು.

ಎರಡು ಕಾಯಿಲೆಗಳನ್ನು ಬೇರ್ಪಡಿಸುವುದು ಬರಿಯ ಹೆಸರಿನ ಜಗಳವಲ್ಲ. ಮಲ್ಟಿಪಲ್ ಸ್ಕ್ಲಿರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ ಔಷಧ ಎರಡನೆಯ ಕಾಯಿಲೆಯನ್ನು ಉಲ್ಬಣಗೊಳಿಸಬಲ್ಲದು. ದುಬಾರಿ ಚುಚ್ಚುಮದ್ದಿಗೆ ಹೊಲ ಅಡವಿಟ್ಟು, ಕೊನೆಗೆ ಕಣ್ಣನ್ನೂ ಕಳೆದುಕೊಳ್ಳುವ ಪಾಡು ಯಾರಿಗೂ ಬರಬಾರದು. ಡಾ. ಪಂಡಿತ್ ಅವರ ತಂಡ ಈ ಪ್ರತಿಕಾಯದ ಪರೀಕ್ಷೆಯನ್ನು ಮಂಗಳೂರಿನಲ್ಲಿಯೇ ನಡೆಸುವಂತಾದದ್ದರ ಬೆಲೆ ಇಲ್ಲಿದೆ. ಮೈಲಿನ್‌ನ ಇನ್ನೊಂದು ಪ್ರೋಟೀನಿನ ವಿರುದ್ಧ ಹುಟ್ಟುವ ‘ಮಾಗ್’ ಪ್ರತಿಕಾಯವನ್ನೂ ಅವರು ಭಾರತೀಯ ರೋಗಿಗಳಲ್ಲಿ ಅಭ್ಯಸಿಸಿದರು. ಯುರೋಪಿಯನ್ನರಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್‌ಗೆ ದಾರಿ ಮಾಡುವ ವಂಶವಾಹಿಗಳು ಇಲ್ಲಿನವರಲ್ಲೂ ಅದೇ ಪಾತ್ರ ವಹಿಸುತ್ತವೆಯೇ ಎಂಬುದನ್ನು ಕೇಂಬ್ರಿಜ್‌ನ ಸಂಶೋಧಕರ ಜೊತೆಗೂಡಿ ಪರಿಶೀಲಿಸಿದಾಗ, ಸಾಕಷ್ಟು ಹೋಲಿಕೆ ಕಂಡುಬಂತು. ಚಳಿದೇಶದ ಕಾಯಿಲೆ ಎಂಬ ಮಾತು ಅಲ್ಲಿಗೆ ಇನ್ನಷ್ಟು ಸಡಿಲವಾಯಿತು.

ಹಳ್ಳಿಗಳಲ್ಲಿ ಈ ಕಾಯಿಲೆ ‘ನರದೌರ್ಬಲ್ಯ’ ಎಂಬ ಹೆಸರಿನಡಿ ಮುಚ್ಚಿಹೋಗುತ್ತದೆ. ಮೊದಲ ದಾಳಿ ತಾನಾಗಿ ಇಳಿದಾಗ ಟಾನಿಕ್ಕಿಗೋ ಹರಕೆಗೋ ಅದರ ಕೀರ್ತಿ ಸಲ್ಲುತ್ತದೆ. ಎರಡನೆಯದು ಬಂದಾಗ ಮೊದಲಿನ ಚೀಟಿಯೂ ಕೈಯಲ್ಲಿರುವುದಿಲ್ಲ. ಎಳೆಯ ವಯಸ್ಸಿನವರಿಗೆ ಕೆಲವೇ ದಿನಗಳಲ್ಲಿ ಒಂದು ಕಣ್ಣು ಮಂಜಾಗಿ, ಗುಡ್ಡೆ ಹೊರಳಿಸಿದರೆ ನೋವಾಗುತ್ತಿದ್ದರೆ, ಅಥವಾ ಎರಡೂ ಕಾಲು ಸೋತು ಮೂತ್ರ ಕಟ್ಟಿದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಹಳೆಯ ಚೀಟಿ, ಸ್ಕ್ಯಾನ್‌ಗಳನ್ನು ಎಸೆಯಬಾರದು. ಈ ಕಾಯಿಲೆಗಳನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ. ಆದರೆ ಮತ್ತೆ ಮತ್ತೆ ಎರಗದಂತೆ ತಡೆಯುವ ಮದ್ದುಗಳಿವೆ. ಕಾಲುವೆ ಎಲ್ಲಿ ಸೋರುತ್ತಿದೆ ಎಂದು ಮೊದಲು ಗೊತ್ತಾದರೆ ತಾನೆ ದುರಸ್ತಿಯ ಮಾತು?