ಉಪಾಧ್ಯಾಯರಿಗೆ ವನಪಾಠ



ಪಾಠ ಹೇಳುವವನು ಮೊದಲು ತಾನು ಪಾಠ ಕೇಳಿರತಕ್ಕದ್ದೆಂಬುದು ಪಾಠಶಾಲೆಗಳ ಹಳೆಯ ಪದ್ಧತಿ. ಗುರುಮುಖದಿಂದ ವ್ಯಾಕರಣವನ್ನು ತಿಳಿಯದವನು ವ್ಯಾಕರಣವನ್ನು ಬೋಧಿಸಲು ಹೊರಡುವುದಿಲ್ಲ. ಇಂದಿನ ಶಾಲೆಗಳಲ್ಲಿ ಪರಿಸರವೆಂಬ ವಿಷಯವು ಮಾತ್ರ ಈ ಪದ್ಧತಿಗೆ ಹೊರತಾಗಿರುವಂತೆ ತೋರುತ್ತದೆ. ಅಂಗಳದ ಮರದ ಹೆಸರನ್ನರಿಯದ ಉಪಾಧ್ಯಾಯರು ವೃಕ್ಷಸಂರಕ್ಷಣೆಯ ಪಾಠವನ್ನು ಹೇಳುತ್ತಾರೆ. ಕಿಟಕಿಯ ಹೊರಗೆ ಕೂಗುವ ಹಕ್ಕಿ ಯಾವುದೆಂದು ಬಾಲಕನು ಕೇಳಿದರೆ ‘ಪುಸ್ತಕದ ಕಡೆಗೆ ನೋಡು’ ಎಂದು ಗದರಿಸುತ್ತಾರೆ. ಇದರಲ್ಲಿ ಅವರ ದೋಷವು ಹೆಚ್ಚಿಲ್ಲ. ಅವರಿಗೂ ಯಾರೂ ತೋರಿಸಿಕೊಟ್ಟಿರಲಿಲ್ಲ.

1976ರ ಸಂವಿಧಾನದ ತಿದ್ದುಪಡಿಯಿಂದ ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ಕಾಪಾಡುವುದೂ ಜೀವಿಗಳಲ್ಲಿ ದಯೆಯಿಡುವುದೂ ಪ್ರಜೆಯ ಮೂಲಕರ್ತವ್ಯಗಳಲ್ಲಿ ಸೇರಿದುವು. 1991ರಲ್ಲಿ ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ವಿಷಯವು ಬಂದಿತು, ಪುಸ್ತಕವು ಬಂದಿತು, ಅಂಕಗಳೂ ಬಂದುವು. ನೋಡುವ ಕಣ್ಣು ಮಾತ್ರ ಆಜ್ಞೆಯಿಂದ ಬರತಕ್ಕದ್ದಲ್ಲ.

ಆ ಕಣ್ಣನ್ನು ಕೊಡುವ ಸ್ಥಳಗಳಲ್ಲಿ ಮುಂಬಯಿಯ ಗೋರೆಗಾಂವದಲ್ಲಿರುವ ಸಂರಕ್ಷಣಾ ಶಿಕ್ಷಣ ಕೇಂದ್ರವು ಒಂದು. ಇದು 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಸ್ಥೆ. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಬಾಳಿನುದ್ದಕ್ಕೂ ದುಡಿದುದು ಈ ಸೊಸೈಟಿಗಾಗಿಯೇ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದು ಅದೇ ಮಹನೀಯರ ಸಲಹೆಯ ಫಲವೆಂಬುದನ್ನು ಕನ್ನಡಿಗರು ಮರೆಯಲಾಗದು. ಕೇಂದ್ರವು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿಗೆ ಹೊಂದಿಕೊಂಡಿದೆ. ಒಂದು ಕಡೆ ಮಹಾನಗರದ ಕೋಲಾಹಲ, ಇನ್ನೊಂದು ಕಡೆ ನೂರು ಚದರ ಕಿಲೋಮೀಟರಿಗೂ ಮಿಕ್ಕ ಕಾಡು.

ಇಂಥ ಕೇಂದ್ರಗಳ ಶಿಕ್ಷಣಕ್ರಮವು ಬಹು ಸರಳವಾದುದು. ಒಂದು ಹಗ್ಗದಿಂದ ನೆಲದ ಮೇಲೆ ಒಂದು ಗಜದ ಚೌಕವನ್ನು ಮಾಡಿ, ಅದರೊಳಗಿನದನ್ನೆಲ್ಲ ಬರೆಯಿರೆಂದು ಉಪಾಧ್ಯಾಯರಿಗೆ ಹೇಳುವರು. ಮೊದಲು ಕಾಣುವುದು ತರಗೆಲೆಯಷ್ಟೆ. ಉಡುಪಿಗೆ ಮಣ್ಣಾದೀತೆಂದು ನಿಂತುಕೊಂಡೇ ನೋಡುವವರಿಗೆ ಅದಕ್ಕಿಂತ ಹೆಚ್ಚೇನೂ ಕಾಣದು. ಕುಳಿತು ಎಲೆಯನ್ನೆತ್ತಿದರೆ ಅಡಿಯಲ್ಲಿ ಬಿಳಿಯ ನೂಲಿನಂಥ ಬೂಷ್ಟು, ಗೆದ್ದಲು, ಸಹಸ್ರಪದಿ, ಇರುವೆಗಾಗಿ ಮರಳಿನ ಕುಣಿಯಲ್ಲಿ ಹೊಂಚುವ ಗುಬ್ಬಚ್ಚಿಹುಳು ಕಾಣಬರುವುವು. ಮೇಲಿನ ಎಲೆ ಇಡಿಯಾಗಿದೆ, ಕೆಳಗಿನದು ಜಾಲರಿಯಾಗಿದೆ, ಅದರ ಕೆಳಗಿನದು ಮಣ್ಣೇ ಆಗಿದೆ. ಪುಸ್ತಕದಲ್ಲಿ ಎರಡು ಪುಟವಾಗಿರುವ ಪಾಠವು ಇಲ್ಲಿ ನಾಲ್ಕು ಅಂಗುಲದಲ್ಲಿ ಮುಗಿಯುತ್ತದೆ. ಹೆಸರು ತಿಳಿಯದ ಹುಳುವೊಂದು ಕಂಡಾಗ ‘ತಿಳಿಯದು, ಹುಡುಕೋಣ’ ಎಂದು ಬೋಧಕರೇ ಹೇಳುವುದುಂಟು. ವಿದ್ಯಾರ್ಥಿಗಳ ಮುಂದೆ ಈ ಮಾತನ್ನಾಡಲು ಅಂಜುವ ಉಪಾಧ್ಯಾಯರಿಗೆ ಇದೇ ದೊಡ್ಡ ಶಿಕ್ಷಣವೆನ್ನಬೇಕು.

ಆದರೆ ಗೋರೆಗಾಂವದ ಅಂಚಿನಲ್ಲಿ ಈ ವಿದ್ಯೆಯು ಕೇವಲ ವಿನೋದಕ್ಕಲ್ಲ. ಆ ಕಾಡಿನಲ್ಲಿ ಚಿರತೆಗಳಿವೆ. ಕಾಡಿನ ಸುತ್ತಲಿನ ವಸತಿಗಳ ಮಕ್ಕಳು ಅದರ ಮಗ್ಗುಲಲ್ಲಿಯೇ ಆಡಿಕೊಂಡು ಬೆಳೆಯುತ್ತಾರೆ. 2004ರಲ್ಲಿ ಚಿರತೆಗಳ ದಾಳಿಯಿಂದ ಅಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಹಿಡಿದು ಬೇರೆಡೆ ಬಿಡಿರೆಂದು ಜನರು ಕೂಗಿದರು. ಮಕ್ಕಳನ್ನು ಕಳೆದುಕೊಂಡವರ ಕೂಗನ್ನು ಹಳಿಯುವುದು ಸುಲಭವಲ್ಲ. ಆದರೆ ಹಿಡಿದ ಚಿರತೆಯನ್ನು ಪರಸ್ಥಳದಲ್ಲಿ ಬಿಟ್ಟರೆ ಅದು ನೆಲೆ ತಪ್ಪಿ ಅಲ್ಲಿ ಅಪಾಯಕಾರಿಯಾಗಬಹುದೆಂದೂ, ತೆರವಾದ ನೆಲೆಗೆ ಬೇರೊಂದು ಚಿರತೆ ಬಂದು ಸೇರುವುದೆಂದೂ ವಿದ್ವಾಂಸರು ಕಂಡುಕೊಂಡರು. ಬೀದಿಯಲ್ಲಿ ಕಸ ಬಿದ್ದರೆ ನಾಯಿ ಬರುವುದು, ನಾಯಿಯ ಹಿಂದೆ ಚಿರತೆ ಬರುವುದು. ಆದುದರಿಂದ ಕಸವನ್ನು ತೆಗೆಯಿಸಿ, ಕತ್ತಲಾದ ಮೇಲೆ ಕೂಸುಗಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ, ಕಂಡ ಪ್ರಾಣಿಯನ್ನು ಗುಂಪುಗೂಡಿ ಸುತ್ತುಗಟ್ಟಬೇಡಿ. ಈ ಮೂರು ಮಾತುಗಳನ್ನು ಮನೆಮನೆಗೆ ಮುಟ್ಟಿಸಬಲ್ಲವರು ಯಾರು? ಸರಕಾರದ ಫಲಕವನ್ನು ಓದದ ತಾಯಿಯೂ ಶಾಲೆಯಿಂದ ಬಂದ ಮಗಳು ಆಡಿದುದನ್ನು ಕೇಳುವಳು. ಆ ಮಗಳಿಗೆ ಹೇಳತಕ್ಕವರು ಉಪಾಧ್ಯಾಯರು. ಅವರು ತಪ್ಪು ಹೇಳಿದರೆ ಅಳಿಯುವುದು ಅಂಕವಲ್ಲ, ಜೀವ.

ಶಿಬಿರದಿಂದ ಹಿಂದಿರುಗಿದವರ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ತರಗತಿಯಲ್ಲಿ ಅರುವತ್ತು ಮಕ್ಕಳು, ನಲುವತ್ತು ನಿಮಿಷಗಳ ಅವಧಿ, ಕಲ್ಲುಹಾಸಿದ ಅಂಗಳ. ಹೊರಗೆ ಕರೆದೊಯ್ದರೆ ಪಾಠ ಉಳಿಯಿತೆಂದು ಮೇಲಿನವರ ಆಕ್ಷೇಪಣೆ. ಎರಡು ದಿನಗಳ ಉತ್ಸಾಹವು ಇದರ ಮುಂದೆ ಎಷ್ಟು ಕಾಲ ನಿಂತೀತು? ಆದರೂ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯಿರುವುದು, ಕಿಟಕಿಯ ಮೇಲೆ ಪಾರಿವಾಳವಿರುವುದು. ಹಗ್ಗದ ಚೌಕಕ್ಕೆ ಅಷ್ಟು ಸ್ಥಳ ಸಾಕು. ವರ್ಷಕ್ಕೊಮ್ಮೆಯಾದರೂ ಅದೇ ಉಪಾಧ್ಯಾಯರನ್ನು ಕಾಡಿಗೆ ಮರಳಿ ಕರೆಯದ ಶಿಬಿರವು ಮಾತ್ರ ನಿಷ್ಫಲವೇ ಸರಿ.

ಮರಳಿ ಬರಲು ಕಾರಣವನ್ನು ಆ ಕಾಡೇ ಒದಗಿಸಿದೆ. ಸಹ್ಯಾದ್ರಿಯ ಕಾರ್ವಿ ಎಂಬ ಪೊದೆಯು ಏಳು ವರ್ಷ ಎಲೆಯನ್ನಷ್ಟೇ ಬಿಟ್ಟು, ಎಂಟನೆಯ ವರ್ಷ ಏಕಕಾಲಕ್ಕೆ ಬೆಟ್ಟವೆಲ್ಲ ನೀಲಿಯಾಗುವಂತೆ ಹೂತು, ಬೀಜ ಕಟ್ಟಿ ಸಾಯುತ್ತದೆ. ಒಣಗಿದ ಕಡ್ಡಿಗಳಿಂದ ಅಲ್ಲಿನ ಆದಿವಾಸಿಗಳು ಮನೆಯ ಗೋಡೆಯನ್ನು ಹೆಣೆದು ಮಣ್ಣು ಮೆತ್ತುತ್ತಾರೆ. ಮುಂಬಯಿಯ ಆ ಕಾಡಿನಲ್ಲಿ ಇದು 2008ರಲ್ಲಿ, 2016ರಲ್ಲಿ, 2024ರಲ್ಲಿ ಹೂತಿತು. ಮೂವತ್ತು ವರ್ಷ ಸೇವೆ ಮಾಡುವ ಉಪಾಧ್ಯಾಯರಿಗೆ ಇದನ್ನು ತೋರಿಸುವ ಅವಕಾಶ ಹೆಚ್ಚೆಂದರೆ ನಾಲ್ಕು ಬಾರಿ. 2024ರಲ್ಲಿ ಮೊದಲನೆಯ ತರಗತಿಯಲ್ಲಿದ್ದ ಬಾಲಕಿಯು, ಲೆಕ್ಕದಂತೆ ಅದು ಮತ್ತೆ ಹೂಬಿಡುವ 2032ರಲ್ಲಿ, ಒಂಬತ್ತನೆಯ ತರಗತಿಯಲ್ಲಿರುವಳು.