ಮರಿಮಕ್ಕಳ ಊಟ, ಓಡಾಟ

ನೂರು ದಾಟಿದ ಅಜ್ಜಿಯರಿಗೆ ಹೆಸರಾದ ಜಪಾನಿನ ಓಕಿನಾವ ದ್ವೀಪದ ಸುದ್ದಿ ನೀವು ಕೇಳಿರಬಹುದು. ಇವತ್ತು ಅಜ್ಜಿಯರನ್ನು ಬಿಟ್ಟು ಅವರ ಮರಿಮಕ್ಕಳ ಕಡೆ ನೋಡೋಣ.

ಆ ಅಜ್ಜಿಯರು ಪ್ರಾಯದಲ್ಲಿ ಉಂಡದ್ದು ಮುಖ್ಯವಾಗಿ ಗೆಣಸು. ಬಿರುಗಾಳಿಗೆ ಭತ್ತದ ಪೈರು ನೆಲಕಚ್ಚಿದರೂ ಗೆಣಸು ಮಣ್ಣೊಳಗೆ ಉಳಿಯುತ್ತಿತ್ತು. ಜೊತೆಗೆ ತೋಫು, ಕಡಲಕಳೆ, ಹಾಗಲಕಾಯಿ; ಹಂದಿಮಾಂಸ ಹಬ್ಬಹರಿದಿನಕ್ಕೆ. ಹೊಲಕ್ಕಾಗಲಿ ಕಡಲಿಗಾಗಲಿ ನಡೆದೇ ಹೋಗಬೇಕಿತ್ತು.

1945ರ ಯುದ್ಧದಲ್ಲಿ ದ್ವೀಪದ ಪುಟ್ಟ ರೈಲು ಹಾಳಾಯಿತು. 1972ರವರೆಗೆ ಅಮೆರಿಕದ ಆಡಳಿತ. ಡಬ್ಬಿಯ ಹಂದಿಮಾಂಸ ಅಡುಗೆಮನೆ ಹೊಕ್ಕಿತು. ಟೋಕಿಯೋಗೆ ಮೆಕ್‌ಡೊನಾಲ್ಡ್ಸ್ ಬಂದದ್ದು 1971ರಲ್ಲಿ; ಓಕಿನಾವದಲ್ಲಿ 1963ಕ್ಕೇ ಅಮೆರಿಕದ ಹ್ಯಾಂಬರ್ಗರ್ ಅಂಗಡಿ ತೆರೆದಿತ್ತು. 1985ರಲ್ಲಿ ಇಲ್ಲಿನ ಗಂಡಸರ ಆಯುಷ್ಯ ಜಪಾನಿಗೇ ಮೊದಲು; 2000ದಲ್ಲಿ 26ನೇ ಸ್ಥಾನ, 2020ರಲ್ಲಿ 47 ಪ್ರಾಂತಗಳಲ್ಲಿ 43ನೆಯದು.

ಇದಕ್ಕೆಲ್ಲ ಹುಡುಗರ ನಾಲಿಗೆಚಪಲವನ್ನು ದೂರುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಸುಮಾರು ಹದಿನೈದು ವರ್ಷದವರೆಗೆ ಅವರು ಶಾಲೆಯ ಊಟವನ್ನೇ ಉಣ್ಣುತ್ತಾರೆ. ಬಿಳಿ ಮೇಲಂಗಿ, ಟೋಪಿ ತೊಟ್ಟ ಮಕ್ಕಳೇ ತರಗತಿಗೆ ಪಾತ್ರೆ ಹೊತ್ತು ತಂದು ಬಡಿಸುತ್ತಾರೆ: ಅನ್ನ, ಸಾರು, ತರಕಾರಿ, ಹಾಲು. ಒಮ್ಮೊಮ್ಮೆ ತೋಫು, ಮೊಟ್ಟೆ ಹಾಕಿದ ಹಾಗಲಕಾಯಿ ಪಲ್ಯವೂ ಉಂಟು. (ಅದನ್ನು ಕಂಡು ಮುಖ ಸಿಂಡರಿಸುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ ಬಿಡಿ.) ಪ್ರೌಢಶಾಲೆಯ ಕೊನೆಯ ಮೂರು ವರ್ಷ ಬಹುತೇಕ ಕಡೆ ಈ ಊಟವಿಲ್ಲ. ಮನೆಯ ಬುತ್ತಿ ಇರಬೇಕು, ಇಲ್ಲವಾದರೆ ಅಂಗಡಿಯೇ ಗತಿ. ಅಲ್ಲಿ ಕಾಗದ ಸುತ್ತಿ ಇಟ್ಟಿರುವುದು ಅನ್ನದ ಕಟ್ಟು. ನಡುವೆ ಹುರಿದ ಡಬ್ಬಿಮಾಂಸ, ಆಮ್ಲೆಟ್ಟು. ಅಗ್ಗ, ಬಿಸಿ, ಹೊಟ್ಟೆಯೂ ತುಂಬುತ್ತದೆ. ತರಕಾರಿ ಮಾತ್ರ ಹುಡುಕಬೇಕು.

ಇನ್ನು ಓಡಾಟ. ನೂರು ಕಿಲೋಮೀಟರಿಗೂ ಉದ್ದದ ದ್ವೀಪದಲ್ಲಿ ಇರುವುದು 2003ರಲ್ಲಿ ಶುರುವಾದ, ಈಗ 17 ಕಿಲೋಮೀಟರಿನಷ್ಟಾದ ಒಂದೇ ಮಾನೋರೈಲು. ಉಳಿದಂತೆ ಬಸ್ಸು, ಇಲ್ಲವೇ ಕಾರು. ಬಿಸಿಲೂ ಜೋರು, ಹೇಳದೆ ಕೇಳದೆ ಸುರಿಯುವ ಮಳೆಯೂ ಜೋರು. ಹಾಗಾಗಿ ಅಪ್ಪ ಅಮ್ಮ ಶಾಲೆಯ ಗೇಟಿನವರೆಗೂ ಕಾರಿನಲ್ಲೇ ತಂದುಬಿಡುತ್ತಾರೆ.

ಆಟದ ತಂಡ ಸೇರಿದವರ ಕಥೆ ಬೇರೆ. ಕತ್ತಲಾಗುವವರೆಗೂ ಮೈದಾನದಲ್ಲಿ ಬೆವರು ಹರಿಸುತ್ತಾರೆ. ಇಲ್ಲಿನ ನಾಹಾ ನಗರದ ಕೋನಾನ್ ಶಾಲೆಯ ಹುಡುಗರು 2010ರಲ್ಲಿ ರಾಷ್ಟ್ರಮಟ್ಟದ ವಸಂತ, ಬೇಸಿಗೆ ಎರಡೂ ಬೇಸ್‌ಬಾಲ್ ಕೂಟಗಳನ್ನು ಗೆದ್ದರು. ಆದರೆ ಕೊನೆಯ ವರ್ಷದ ಬೇಸಿಗೆ ಕೂಟ ಮುಗಿದೊಡನೆ ಹೆಚ್ಚಿನವರು ಆಟ ಬಿಟ್ಟು ಪರೀಕ್ಷೆಗೆ ಕೂರುತ್ತಾರೆ. ತುತ್ತಿನ ಅಳತೆ ಅಷ್ಟೇ ಇರುತ್ತದೆ. ಕಾರು ಓಡಿಸಲು ಪರವಾನಗಿ ಸಿಗುವ 18 ತುಂಬುವುದೂ ಅದೇ ವರ್ಷ.